ನೆಟ್‌ವರ್ಕ್ ಹೋದರೆ ಕಾರಿನ ವಾಕಿಟಾಕಿ ಸಾಕೇ? ಲೈಸೆನ್ಸ್ ನಿಜಕ್ಕೂ ಬೇಡವೇ?

ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ನಂಜನಗೂಡಿನವರು ಮೊದಲು ಕೇಳುವುದು ಮಲ್ಲನಮೂಲೆ ಮಠದ ಹತ್ತಿರ ರಸ್ತೆ ಹೇಗಿದೆ ಎಂದು. 2019ರ ಆಗಸ್ಟ್‌ನಲ್ಲಿ ಅಲ್ಲಿ ನೀರು ನುಗ್ಗಿ ಮೈಸೂರು–ನಂಜನಗೂಡು ಹೆದ್ದಾರಿಯೇ ಬಂದ್ ಆಗಿತ್ತು. ಕಾವೇರಿ, ಕಬಿನಿ ಎರಡೂ ಸೇರುವ ತಿ. ನರಸೀಪುರದ ಆತಂಕವನ್ನಂತೂ ಬಿಡಿಸಿ ಹೇಳಬೇಕಿಲ್ಲ. ಇಂಥ ಹೊತ್ತಿನಲ್ಲಿ "ಟವರ್ ಬಿದ್ದರೂ ಚಿಂತೆಯಿಲ್ಲ, ಕಾರಿನಲ್ಲಿ ಒಂದು ವಾಕಿಟಾಕಿ ಇಟ್ಟುಕೊಳ್ಳಿ, 50 ಕಿ.ಮೀ. ಕೇಳಿಸುತ್ತದೆ, ಲೈಸೆನ್ಸ್ ಬೇಡ" ಎಂಬ ಮೆಸೇಜ್ ಕಂಡರೆ ಯಾರಿಗಾದರೂ ಫಾರ್ವರ್ಡ್ ಮಾಡೋಣ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ಇದರಲ್ಲಿ ಅರ್ಧ ಸತ್ಯವಿದೆ, ಉಳಿದರ್ಧ ನಿಮ್ಮನ್ನು ತೊಂದರೆಗೆ ಸಿಕ್ಕಿಸುವಂಥದ್ದು.

ಸತ್ಯದ ಭಾಗ ಮೊದಲು. ಮೊಬೈಲ್ ಟವರ್‌ಗೆ ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದರೆ ನಮ್ಮ ಫೋನ್‌ಗಳೆಲ್ಲ ಬರೀ ಟಾರ್ಚ್. ರೇಡಿಯೊ ಸೆಟ್‌ಗೆ ಮಧ್ಯೆ ಟವರ್ ಬೇಕಿಲ್ಲ, 12 ವೋಲ್ಟ್ ಬ್ಯಾಟರಿ ಇದ್ದರಾಯಿತು. 2004ರ ಸುನಾಮಿ ಬಂದಾಗ ಅಂಡಮಾನ್‌ನಲ್ಲಿದ್ದ ಹ್ಯಾಮ್ ಭಾರತಿ ಪ್ರಸಾದ್ ಮತ್ತು ತಂಡದವರು ಹೀಗೆಯೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದ್ದರು. ನಮ್ಮ ಮೈಸೂರಿಗೂ ಇದು ಹೊಸದಲ್ಲ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದಲೇ.

ಈಗ 50 ಕಿ.ಮೀ. ಲೆಕ್ಕ. ವಾಕಿಟಾಕಿಯ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ, ಭೂಮಿಯೋ ದುಂಡಗಿದೆ. ನೆಲದ ಮೇಲೆ ನಿಂತ ಇಬ್ಬರ ನಡುವೆ ಏನೂ ಅಡ್ಡ ಇರದಿದ್ದರೂ ಸುಮಾರು 10 ಕಿ.ಮೀ.ಗೆ ದಿಗಂತವೇ ಅಡ್ಡ ಬರುತ್ತದೆ. ಮನೆ, ತೆಂಗಿನ ತೋಟ, ಏರುತಗ್ಗು ಸೇರಿದರೆ ಮೂರೋ ನಾಲ್ಕೋ ಕಿ.ಮೀ. ಸಿಕ್ಕರೆ ಪುಣ್ಯ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹಕ್ಕಿ ಹಾರಿದ ಲೆಕ್ಕದಲ್ಲೇ ಸುಮಾರು 25 ಕಿ.ಮೀ. ಇದೆ. ಅಂದರೆ ಕೈಯಲ್ಲಿ ಹಿಡಿಯುವ ಸೆಟ್‌ನಲ್ಲಿ ಇಲ್ಲಿಂದ ಅಲ್ಲಿಗೆ ಮಾತಾಡುವ ಮಾತೇ ಇಲ್ಲ. ಬೇಕಾದದ್ದು ಪವರ್‌ಗಿಂತ ಎತ್ತರ. ಚಾಮುಂಡಿ ಬೆಟ್ಟ ಸುತ್ತಲಿನ ನೆಲಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅಷ್ಟು ಮೇಲಿಂದ ದಿಗಂತ 70 ಕಿ.ಮೀ. ಆಚೆಗಿರುತ್ತದೆ. ಇಂಥ ಜಾಗದಲ್ಲಿ ಬಂದ ಮಾತನ್ನು ಹಿಡಿದು ಮತ್ತೆ ಕಳಿಸುವ ರಿಪೀಟರ್ ಇದ್ದರೆ ಎರಡೂ ಊರು ಮಾತಾಡಿಕೊಳ್ಳಬಹುದು.

ಲೈಸೆನ್ಸ್ ಬೇಡ ಎಂಬ ಮಾತಿಗೆ ಬರೋಣ. 2018ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುವ, ಸರ್ಕಾರದ ಅನುಮೋದನೆ ಇರುವ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಬೇಕಿಲ್ಲ. ಜಾತ್ರೆಯಲ್ಲಿ ತೇರಿನ ಮುಂದಿರುವ ಸ್ವಯಂಸೇವಕರು ಹಿಂದಿನವರ ಜತೆ ಮಾತಾಡಲು ಇವು ಸಾಕು. ಆದರೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಸೆಟ್‌ಗಳು ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ತಿರುಗುತ್ತವೆ, ಪೊಲೀಸರು ಬಳಸುವುದಕ್ಕೂ. ಅಂಥದ್ದನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದೇ ತಪ್ಪು. 1933ರ ಕಾಯ್ದೆಯ ಕಾಲದಿಂದಲೂ ಇದೇ ಕಾನೂನು. "ಆನ್ ಮಾಡೇ ಇಲ್ಲ ಸಾರ್" ಎಂದರೆ ನಡೆಯುವುದಿಲ್ಲ. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇವುಗಳ ಆನ್‌ಲೈನ್ ಮಾರಾಟಕ್ಕೇ ಮಾರ್ಗಸೂಚಿ ತಂದಿತು.

ಹ್ಯಾಮ್ ಲೈಸೆನ್ಸ್ ಅಂದುಕೊಂಡಷ್ಟು ಕಷ್ಟವಿಲ್ಲ. 12 ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆಯಬಹುದು, ಎಂಜಿನಿಯರೇ ಆಗಬೇಕಿಲ್ಲ. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಶುಲ್ಕ ಎಷ್ಟೆಂದು ಅಲ್ಲೇ ನೋಡಿ, ಏಜೆಂಟರ ಮಾತು ಕೇಳಬೇಡಿ. ರೇಡಿಯೊ ಹೇಗೆ ಕೆಲಸ ಮಾಡುತ್ತದೆ ಮತ್ತು ನಿಯಮಗಳೇನು ಎಂಬುದರ ಮೇಲೆ ಪ್ರಶ್ನೆಗಳಿರುತ್ತವೆ. ಮೋರ್ಸ್ ಕೋಡ್ ಬೇಕಿರುವುದು ಜನರಲ್ ಗ್ರೇಡ್‌ಗೆ ಮಾತ್ರ, ರಿಸ್ಟ್ರಿಕ್ಟೆಡ್ ಗ್ರೇಡ್‌ಗೆ ಬೇಡ. ಒಂದು ಮಾತು: ಹ್ಯಾಮ್ ಬ್ಯಾಂಡ್‌ನಲ್ಲಿ ವ್ಯಾಪಾರ ನಡೆಸುವಂತಿಲ್ಲ. ಮರಳು ಲಾರಿ ಎಲ್ಲಿದೆ, ಬಾಳೆಕಾಯಿ ಲೋಡ್ ಹೊರಟಿತಾ ಎಂದು ಕೇಳಲು ಇದು ಅಲ್ಲ.

ಕಾರಿಗೆ ಸೆಟ್ ಆರಿಸುವಾಗ ನಮ್ಮ ಸಲಹೆ: ಹಣವನ್ನು ಆಂಟೆನಾ ಮೇಲೆ ಹಾಕಿ. ಕಾರಿನ ತಗಡಿನ ಮೈ ಅಲೆಗಳನ್ನು ತಡೆಯುತ್ತದೆ, ಹಾಗಾಗಿ ಒಳಗೆ ಕೂತು ಹ್ಯಾಂಡ್‌ಸೆಟ್ ಹಿಡಿದರೆ ದೂರ ಇನ್ನೂ ಕಡಿಮೆ. ಅದೇ ತಗಡಿನ ಟಾಪ್‌ನ ನಟ್ಟನಡುವೆ ಅರ್ಧ ಮೀಟರ್ ಉದ್ದದ ಆಂಟೆನಾ ನಿಲ್ಲಿಸಿದರೆ ತಗಡೇ ಸಹಾಯಕ್ಕೆ ಬರುತ್ತದೆ. ಈ ಉದ್ದ 144–146 ಮೆಗಾಹರ್ಟ್ಸ್ ಬ್ಯಾಂಡ್‌ಗೆ. ಭಾರತದ ಹ್ಯಾಮ್‌ಗಳು ಹತ್ತಿರದ ಮಾತಿಗೆ ಹೆಚ್ಚಾಗಿ ಬಳಸುವುದು ಇದನ್ನೇ. ಹೊಸಬರಿಗೆ ಈ ಒಂದು ಬ್ಯಾಂಡ್‌ನ ಸಾದಾ ಸೆಟ್ ಧಾರಾಳ ಸಾಕು.

50 ವಾಟ್ ಸೆಟ್ ಮಾತಾಡುವಾಗ 10 ಆಂಪಿಯರ್‌ಗೂ ಮೇಲೆ ಕರೆಂಟ್ ಎಳೆಯುತ್ತದೆ. ಅದನ್ನು ಮೊಬೈಲ್ ಚಾರ್ಜರ್ ಸಾಕೆಟ್‌ಗೆ ಸಿಕ್ಕಿಸಿದರೆ ಫ್ಯೂಸ್ ಹೋಗುತ್ತದೆ, ವೈರ್ ಬಿಸಿಯಾಗುತ್ತದೆ. ನೇರ ಬ್ಯಾಟರಿಯಿಂದ, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿಸಿ ದಪ್ಪ ವೈರ್ ಎಳೆಸಿ. ಗಾಡಿ ಓಡಿಸುವವರು ಮೈಕ್ ಹಿಡಿಯದೆ ಪಕ್ಕದವರಿಗೆ ಕೊಡಲಿ.

ಪರೀಕ್ಷೆ, ಪರಿಶೀಲನೆ ಎಲ್ಲ ಮುಗಿದು ಕಾಲ್‌ಸೈನ್ ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಮುಂದಿನ ಮುಂಗಾರಿಗೆ ಬೇಕೆಂದರೆ ಅರ್ಜಿ ಈಗಲೇ ಹಾಕಿ, ಸೆಟ್ ಕೊಳ್ಳುವುದು ಕಾಲ್‌ಸೈನ್ ಬಂದ ಮೇಲಾಗಲಿ. ಆಚೆ ದಡದ ಒಬ್ಬ ಗೆಳೆಯನಿಗೂ ಅರ್ಜಿ ಹಾಕಿಸಿ. ಅತ್ತಲಿಂದ ಉತ್ತರ ಕೊಡಲು ಒಬ್ಬರಾದರೂ ಇರಬೇಕಲ್ಲ.