ಹವಾಲಾ ಎಲ್ಲಿದೆ?

ನಮ್ಮ ಕಾಮರ್ಸ್ ತರಗತಿಯಲ್ಲಿ ‘ಹವಾಲಾ’ ಎಂದರೆ ಎಲ್ಲರೂ ನಗುತ್ತಾರೆ. ಪೇಪರಿನಲ್ಲಿ ಅದು ಕಳ್ಳದಾರಿಯ ಹಣ. ನಮ್ಮ ಮನೆಯ ಉರ್ದುವಿನಲ್ಲಿ ಹವಾಲಾ ಎಂದರೆ ಆಧಾರ ಎಂಬ ಅರ್ಥವೂ ಇದೆ. ಈ ಮಾತು ಯಾರದ್ದು, ಯಾವ ಪುಸ್ತಕದ್ದು, ಯಾವ ಪುಟದ್ದು ಎಂದು ತೋರಿಸುವುದು.

ಎಂ.ಎ. ಇಂಗ್ಲಿಷ್ ಓದುತ್ತಿರುವ ನನ್ನ ಆಪಾ ಈಗ ಕಲಿಯುತ್ತಿರುವುದು ಇದನ್ನೇ. ಒಂದು ಕಾದಂಬರಿಯ ಬಗ್ಗೆ ಬೇರೆಯವರು ಬರೆದದ್ದನ್ನು ಹುಡುಕಿ ಓದಬೇಕು. ಅವರ ಮಾತು ಯಾವುದು, ತನ್ನ ಮಾತು ಯಾವುದು ಎಂದು ಓದುಗನಿಗೆ ಕಾಣುವಂತೆ ಬರೆಯಬೇಕು. ಅದಕ್ಕೆ ಎಂ.ಎಲ್.ಎ. ಕೈಪಿಡಿ ಇದೆ. ಅಲ್ಪವಿರಾಮ ಎಲ್ಲಿ ಹಾಕಬೇಕೆಂದೂ ಅದೇ ಹೇಳುತ್ತದೆ! (ಅಷ್ಟು ಕಟ್ಟುನಿಟ್ಟು ಬೇಕೇ ಎಂದು ನನಗೆ ಈಗಲೂ ಅನುಮಾನ.) ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾದಲ್ಲಿ ಉಚಿತವಾಗಿ ಸಿಗುತ್ತವೆ. ನಕಲು ಮಾಡುವುದು ಸುಲಭ, ಸಿಕ್ಕಿಬೀಳುವುದೂ ಸುಲಭ. 2018ರ ಯುಜಿಸಿ ನಿಯಮದಂತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, ಶೇ. 60 ದಾಟಿದರೆ ನೋಂದಣಿಯೇ ರದ್ದು.

ಹದಿನೈದು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಎಂ.ಎ.ಯಲ್ಲಿ ಒಮ್ಮೆಲೇ ಕೇಳಿದರೆ ಹೇಗೆ? ಪಿಯುಸಿಯಲ್ಲಿ ನಮಗೆ ಆಂತರಿಕ ಅಂಕಗಳಿವೆ, ಪ್ರಾಜೆಕ್ಟ್ ಇದೆ. ಆದರೆ ಹಿಂದಿನ ವರ್ಷದವರ ಫೈಲು ಝೆರಾಕ್ಸ್ ಅಂಗಡಿಯ ದಾರಿಯಲ್ಲಿ ಕೈಯಿಂದ ಕೈಗೆ ಬರುತ್ತದೆ. ‘ರಾಶಿ ಅಡಿಕೆಯ ದರ ಇಷ್ಟು’ ಎಂದು ಅದರಲ್ಲಿ ಬರೆದಿರುತ್ತದೆ. ಶಿರಸಿಯದೋ, ಸಿದ್ದಾಪುರದ್ದೋ, ಯಲ್ಲಾಪುರದ್ದೋ? ಯಾವ ದಿನದ್ದು? ಮೂರೂ ಪೇಟೆಗಳ ದರ ಬೇರೆ ಬೇರೆ ಇರುತ್ತದೆ ಎಂದು ಅಡಿಕೆ ಮೂಟೆ ಹೊರುವವರಿಗೂ ಗೊತ್ತು. ಪ್ರಾಜೆಕ್ಟ್ ಬರೆದವರಿಗೆ ಮಾತ್ರ ಅದು ಬೇಕಿಲ್ಲ.

‘ಸಂಶೋಧನೆ ಮಾಡುವವರಿಗೆ ಇದೆಲ್ಲ, ಕಾಮರ್ಸ್‌ನವರಿಗೆ ಯಾಕೆ?’ ಎಂದು ಗೆಳೆಯರು ಕೇಳುತ್ತಾರೆ. ವೋಚರ್ ಇಲ್ಲದೆ ಜರ್ನಲ್‌ನಲ್ಲಿ ಎಂಟ್ರಿ ಮಾಡಬಾರದು ಎಂದು ನಾವೇ ಮೊದಲ ಅಧ್ಯಾಯಗಳಲ್ಲಿ ಓದಿದ್ದೇವಲ್ಲ!

ಇದು ಅಂಕಗಳ ಮಾತು ಮಾತ್ರವಲ್ಲ. ಆಪಾ ಯಲ್ಲಾಪುರ ಕಡೆಯ ಸಿದ್ದಿಗಳ ಹಾಡುಗಳ ಬಗ್ಗೆ ಕಿರುಪ್ರಬಂಧ ಬರೆಯಬೇಕೆಂದಿದ್ದಾಳೆ. ಆಫ್ರಿಕಾ ಮೂಲದ ಈ ಜನರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅವರ ಡಮಾಮಿ ಕುಣಿತದ ಫೋಟೋ ಎಲ್ಲರೂ ನೋಡಿದ್ದೇವೆ. ಹಾಡಿದ ಅಜ್ಜಿಯ ಹೆಸರು ಎಷ್ಟು ಜನಕ್ಕೆ ಗೊತ್ತು? ಎಂ.ಎಲ್.ಎ.ಯಲ್ಲಿ ಸಂದರ್ಶನಕ್ಕೂ ಜಾಗವಿದೆ: ಹೇಳಿದವರ ಹೆಸರು, ದಿನಾಂಕ. ದೊಡ್ಡ ಪ್ರೊಫೆಸರರ ಪುಸ್ತಕ ಇರುವ ಪಟ್ಟಿಯಲ್ಲೇ, ಅಕ್ಷರ ಬಾರದ ಅಜ್ಜಿಯ ಹೆಸರೂ ಬರುತ್ತದೆ. ಅಜ್ಜಿ ಒಪ್ಪಿದ ಮೇಲೆ, ಆ ಸಾಲನ್ನು ಬಿಟ್ಟು ಬರೆದರೆ ನನ್ನ ಲೆಕ್ಕದಲ್ಲಿ ಅದು ಅಜ್ಜಿಯ ಸಾಲ ಮುಳುಗಿಸಿದಂತೆ.

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ಆಧಾರಗಳ ಪಟ್ಟಿ ಕಡ್ಡಾಯ ಮಾಡಿ, ಅದಕ್ಕೆ 2 ಅಂಕ ಇಡಿ. ಎಂ.ಎಲ್.ಎ. ಅಲ್ಪವಿರಾಮ ಈಗ ಬೇಡ. ಹೆಸರು, ಪುಸ್ತಕ, ಪುಟ, ದಿನಾಂಕ ಇದ್ದರೆ ಸಾಕು. ಬರೆಯುವುದು ಹೇಗೆಂದು ಇಂಗ್ಲಿಷ್ ಮೇಡಂ ಒಂದು ಪೀರಿಯಡ್‌ನಲ್ಲಿ ತೋರಿಸಬಹುದು. ಈ ವರ್ಷದ ಪ್ರಾಜೆಕ್ಟ್ ವಿಷಯಗಳನ್ನು ಇನ್ನೂ ಹಂಚಿಲ್ಲ. ಅದಕ್ಕಿಂತ ಮೊದಲು ಆ ಪೀರಿಯಡ್ ಸಿಕ್ಕರೆ ಒಳ್ಳೆಯದು.