ಹರಪನಹಳ್ಳಿಯ ಜಿಲ್ಲೆ ಬದಲಾದಾಗ

ಹರಪನಹಳ್ಳಿ ಇದ್ದಲ್ಲೇ ಇದೆ. ಬದಲಾಗುತ್ತ ಬಂದದ್ದು ಅದರ ಜಿಲ್ಲೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಅಲ್ಲಿಂದ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಈ ನಡುವೆ ಕೂಡ್ಲಿಗಿಯಿಂದ ಬೇರೆಯಾಗಿ ಕೊಟ್ಟೂರು ತಾನೇ ತಾಲ್ಲೂಕಾಯಿತು. ಹಗರಿಬೊಮ್ಮನಹಳ್ಳಿ, ಹಡಗಲಿಗಳೂ ಹೊಸಪೇಟೆಯೊಂದಿಗೆ ಹೊಸ ಜಿಲ್ಲೆ ಸೇರಿದವು. ಇಂಥ ಬದಲಾವಣೆ ಪಹಣಿಯ ‘ಭೂಮಿ’, ಪಂಚಾಯಿತಿಯ ‘ಇ-ಸ್ವತ್ತು’, ಜಾತಿ-ಆದಾಯ ಪತ್ರ ಕೊಡುವ ನಾಡಕಚೇರಿ, ಪಡಿತರ, ವಿದ್ಯಾರ್ಥಿವೇತನ ಹೀಗೆ ಪ್ರತಿ ತಂತ್ರಾಂಶವನ್ನೂ ಮುಟ್ಟಬೇಕು. ಹಡಗಲಿ ಎಂದರೂ ಹೂವಿನಹಡಗಲಿ ಎಂದರೂ ಒಂದೇ ಊರೆಂದು ಗ್ರಾಮ ಆಡಳಿತಾಧಿಕಾರಿಗೆ ಗೊತ್ತು. ಕಂಪ್ಯೂಟರಿಗೆ ಯಾರಾದರೂ ಹೇಳಿಕೊಡಬೇಕು. ಒಂದೊಂದು ಇಲಾಖೆಗೂ ಬೇರೆಬೇರೆಯಾಗಿ ಏಕೆ ಹೇಳಬೇಕು?

ಜನರ ತೆರಿಗೆಯಿಂದ ಕಟ್ಟಿದ ತಂತ್ರಾಂಶದ ಮೂಲಸಂಕೇತ (ಸೋರ್ಸ್ ಕೋಡ್) ಜನರಿಗೆ ತೆರೆದಿರಬೇಕು, ಇಲಾಖೆಗಳು ಅದನ್ನು ಕೂಡಿ ಕಟ್ಟಬೇಕು ಎಂಬುದು ನನ್ನ ವಾದ. ಇದೇನೂ ಹೊಸ ಕನಸಲ್ಲ. ಸರ್ಕಾರಿ ಕಚೇರಿಗಳು ಮುಕ್ತ ತಂತ್ರಾಂಶಕ್ಕೇ ಆದ್ಯತೆ ಕೊಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ತಂದಿತು. ಇಲಾಖೆಗಳು ಮೂಲಸಂಕೇತ ಹಂಚಿಕೊಳ್ಳಲು ‘ಓಪನ್‌ಫೋರ್ಜ್’ ಎಂಬ ವೇದಿಕೆಯನ್ನೂ ಮಾಡಿತು. ನಮ್ಮ ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾದ ‘ಮೋಸಿಪ್’ ಎಂಬ ಮುಕ್ತ ವೇದಿಕೆಯ ಮೇಲೆ ಫಿಲಿಪ್ಪೀನ್ಸ್ ತನ್ನ ರಾಷ್ಟ್ರೀಯ ಗುರುತಿನ ವ್ಯವಸ್ಥೆಯನ್ನೇ ಕಟ್ಟಿಕೊಂಡಿದೆ. ದೂರದ ದ್ವೀಪದೇಶಕ್ಕೆ ಒದಗಿದ ಈ ವಿಧಾನ ಕೂಡ್ಲಿಗಿಯ ತಾಲ್ಲೂಕು ಕಚೇರಿಗೂ ಒದಗಬೇಕು.

ಮೂಲಸಂಕೇತ ತೆರೆದಿಟ್ಟರೆ ರೈತರ ದಾಖಲೆ ಕಳ್ಳರ ಪಾಲಾಗುವುದಿಲ್ಲವೇ ಎಂದು ಅಧಿಕಾರಿಗಳು ಅಂಜುತ್ತಾರೆ. ತೆರೆಯುವುದು ಲೆಕ್ಕ ಮಾಡುವ ವಿಧಾನವನ್ನು, ದಾಖಲೆಯನ್ನಲ್ಲ. ಮುಚ್ಚಿಟ್ಟ ಮಾತ್ರಕ್ಕೆ ದೋಷ ಇಲ್ಲವಾಗುವುದಿಲ್ಲ. ಅದನ್ನು ಕಾಣಬಲ್ಲ ಒಳ್ಳೆಯ ಕಣ್ಣುಗಳು ಕಡಿಮೆಯಾಗುತ್ತವೆ, ಅಷ್ಟೆ.

ನನಗಿರುವ ದೊಡ್ಡ ಆತಂಕ ಬೇರೆ. ಮೂಲಸಂಕೇತವನ್ನು ಒಮ್ಮೆ ಪ್ರಕಟಿಸಿ ಕೈತೊಳೆದುಕೊಂಡರೆ ಅದು ಸಹಯೋಗವಾಗುವುದಿಲ್ಲ. ಬಂದ ತಿದ್ದುಪಡಿಯನ್ನು ಓದಿ, ಪರೀಕ್ಷಿಸಿ, ಒಪ್ಪುವ ಅಥವಾ ಕಾರಣ ಕೊಟ್ಟು ನಿರಾಕರಿಸುವ ಖಾಯಂ ತಂಡ ಬೇಕು, ಅದಕ್ಕೆ ಬಜೆಟ್ಟಿನಲ್ಲಿ ಸಂಬಳ ಬೇಕು. ಸ್ವಯಂಸೇವಕರ ಉತ್ಸಾಹದ ಮೇಲೆ ಪಹಣಿಯನ್ನು ನಿಲ್ಲಿಸಲಾಗದು.

ವಿಜಯನಗರ ಜಿಲ್ಲೆಯಿಂದಲೇ ಶುರುಮಾಡಬಹುದು. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ಪ್ರತಿ ಜಿಲ್ಲೆ, ತಾಲ್ಲೂಕು, ಹಳ್ಳಿಗೆ ಈಗಾಗಲೇ ಒಂದೊಂದು ಸಂಕೇತ ಸಂಖ್ಯೆ ಕೊಟ್ಟಿದೆ. ಅದರ ಮೇಲೆ ತಾವೆಲ್ಲ ಬಳಸುವ ಒಂದೇ ಊರುಪಟ್ಟಿಯನ್ನು ಇಲಾಖೆಗಳು ಕೂಡಿ ಮುಕ್ತವಾಗಿ ಕಟ್ಟಲಿ. ಕೊಟ್ಟೂರಿನ ಗ್ರಾಮ ಆಡಳಿತಾಧಿಕಾರಿ ತಾನು ಕಂಡ ದೋಷವನ್ನು ಕನ್ನಡದಲ್ಲೇ ಬರೆದು ಹಾಕಲಿ. ಅದನ್ನು ಯಾರು ತಿದ್ದಿದರು, ಯಾವ ದಿನ ತಿದ್ದಿದರು ಎಂಬುದು ಅರ್ಜಿ ಹಿಡಿದು ನಿಂತ ರೈತನಿಗೂ ಕಾಣುವಂತಿರಲಿ.