ಬಿಸುವಿನಿಂದ ಪತ್ತನಾಜೆಯವರೆಗೆ: ಬಂಟ್ವಾಳದ ಬೇಸಿಗೆ ಶಿಬಿರಗಳು ಸಭಾಂಗಣದಿಂದ ಊರಿಗೆ ಇಳಿಯಲಿ

ದಕ್ಷಿಣ ಕನ್ನಡದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಲ್ಲಿ ಬೇಸಿಗೆ ರಜೆ ಆರಂಭವಾಗುತ್ತದೆ. ಸೌರಮಾನ ಯುಗಾದಿಯಾದ ಬಿಸು ಹಬ್ಬವೂ ಆ ದಿನಗಳಲ್ಲೇ ಬರುತ್ತದೆ. ಶಾಲೆಗಳು ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಯ ಹೊತ್ತಿಗೆ; ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆ, ಅಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುವ, ಜಾತ್ರೆ, ನೇಮ, ಕೋಲಗಳಿಗೆ ಆ ವರ್ಷದ ಮಟ್ಟಿಗೆ ವಿರಾಮ ಬೀಳುವ ದಿನ, ಮೇ 24ರ ಆಸುಪಾಸಿನಲ್ಲಿ ಬರುತ್ತದೆ. ಹೀಗೆ ಸರಕಾರದ ರಜಾಪಟ್ಟಿಯೂ ತುಳುನಾಡಿನ ಹಳೆಯ ಕಾಲಗಣನೆಯೂ ಬಹುಮಟ್ಟಿಗೆ ಒಂದರ ಮೇಲೊಂದು ಕೂತಿದ್ದರೂ ಮಕ್ಕಳ ಬೇಸಿಗೆ ಶಿಬಿರಗಳು ಸಾಮಾನ್ಯವಾಗಿ ಸಭಾಂಗಣದ ನಾಲ್ಕು ಗೋಡೆಗಳ ನಡುವೆ ಕಾಗದದ ಹೂವು, ಮುಖವಾಡ, ಅಭಿನಯಗೀತೆ, ವ್ಯಕ್ತಿತ್ವ ವಿಕಸನಗಳಲ್ಲಿ ಮುಗಿದುಹೋಗುತ್ತವೆ. ಇವು ಕೆಟ್ಟವೆಂದು ಯಾರೂ ಹೇಳಲಾರರು. ಆದರೆ ಇದೇ ಶಿಬಿರವನ್ನು ಹುಬ್ಬಳ್ಳಿಯಲ್ಲಿ ನಡೆಸಿದರೂ ಹಾಸನದಲ್ಲಿ ನಡೆಸಿದರೂ ಒಂದಕ್ಷರ ಬದಲಿಸಬೇಕಾಗಿ ಬರುವುದಿಲ್ಲ ಎಂಬುದೇ ಅವುಗಳ ಕೊರತೆ. ಮೆಲ್ಕಾರ್, ಪಾಣೆಮಂಗಳೂರು, ಬಂಟ್ವಾಳ ಪೇಟೆಗಳ ಬೇಸಿಗೆ ಕಾರ್ಯಕ್ರಮಗಳು ಊರನ್ನೇ ಪಾಠಶಾಲೆಯನ್ನಾಗಿ ಮಾಡಿಕೊಳ್ಳಬೇಕು, ಮಕ್ಕಳು ಅಲ್ಲಿ ಪ್ರೇಕ್ಷಕರಾಗಿರದೆ ಕೆಲಸಗಾರರಾಗಬೇಕು ಎಂಬುದು ಈ ಕರಪತ್ರದ ವಾದ.

ಮೆಲ್ಕಾರ್ ಇಂದು ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಮುಡಿಪು ರಸ್ತೆ ಕವಲೊಡೆಯುವ ಜಂಕ್ಷನ್ ಎಂದಷ್ಟೇ ಹೊರಗಿನವರಿಗೆ ಪರಿಚಿತವಾಗಿದ್ದರೂ, ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಪಾಣೆಮಂಗಳೂರಿನ ಹಳೆಯ ಪೇಟೆ, ಅದರಾಚೆ ನೇತ್ರಾವತಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ, ನೂರು ವರ್ಷ ದಾಟಿದ ಸೇತುವೆ, ಹೊಳೆಯ ಇನ್ನೊಂದು ದಡದಲ್ಲಿ ಬಂಟ್ವಾಳ ಪೇಟೆ ಇವೆ. ಮಂಗಳೂರಿನಿಂದ ದೋಣಿಗಳಲ್ಲಿ ಮೇಲೇರಿ ಬಂದ ಸರಕು ಇಲ್ಲಿ ಇಳಿದು ಎತ್ತುಗಳ ಮೂಲಕ ಘಟ್ಟ ಹತ್ತುತ್ತಿತ್ತು, ಘಟ್ಟದ ಮೇಲಿನ ಸರಕು ಇದೇ ದಾರಿಯಾಗಿ ಕಡಲಿಗೆ ಇಳಿಯುತ್ತಿತ್ತು. ಆ ಕಾರಣದಿಂದಲೇ ಇಷ್ಟು ಇಕ್ಕಟ್ಟಿನ ದಡದಲ್ಲಿ ಇಷ್ಟು ದೊಡ್ಡ ಪೇಟೆ ಬೆಳೆಯಿತು, ತುಳು, ಕೊಂಕಣಿ, ಬ್ಯಾರಿ, ಕನ್ನಡ ಮಾತನಾಡುವವರು ಒಂದೇ ಬೀದಿಯಲ್ಲಿ ಅಂಗಡಿ ತೆರೆದರು. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಅಡಿಪಾಯ ಹಾಕಿದ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಈ ಬಂಟ್ವಾಳದಲ್ಲೇ ಎಂಬುದು ಅವರ ಪದ್ಯಗಳನ್ನು ಬಾಯಿಪಾಠ ಮಾಡುವ ಇಲ್ಲಿನ ಎಷ್ಟು ಮಕ್ಕಳಿಗೆ ಗೊತ್ತಿದೆಯೆಂದು ಶಿಕ್ಷಕರು ಒಮ್ಮೆ ವಿಚಾರಿಸಿ ನೋಡಬಹುದು.

ಏಪ್ರಿಲ್ ತಿಂಗಳು ಈ ದಾರಿಗೆ ಇನ್ನೊಂದು ಕಾರಣದಿಂದಲೂ ಮುಖ್ಯವಾದುದು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರಕಾರವು ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಅಲ್ಲಿಯವರೆಗೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೇಳತೊಡಗಿದ್ದರಿಂದ 1837ರ ಮಾರ್ಚ್ ಕೊನೆಯಲ್ಲಿ ಎದ್ದ ರೈತ ದಂಗೆ, ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರುಗಳನ್ನು ಹಾದು ಏಪ್ರಿಲ್ 5ರಂದು ಮಂಗಳೂರನ್ನು ಮುಟ್ಟಿ, ಬಾವುಟಗುಡ್ಡದಲ್ಲಿ ತನ್ನ ಧ್ವಜ ಏರಿಸಿ 13 ದಿನ ಅಧಿಕಾರ ನಡೆಸಿತು. ಪಾಣೆಮಂಗಳೂರಿನ ಪಕ್ಕದ ನಂದಾವರದ ಬಂಗ ಅರಸು ಮನೆತನದ ಲಕ್ಷ್ಮಪ್ಪ ಬಂಗರಸನು ಈ ದಂಗೆಯಲ್ಲಿ ಸೇರಿ ಕೊನೆಗೆ ಗಲ್ಲಿಗೇರಿದನು. ದೆಹಲಿ, ಮೀರತ್‌ಗಳ 1857ರ ಘಟನೆಗಳನ್ನು ಪರೀಕ್ಷೆಗಾಗಿ ಓದುವ ಮೆಲ್ಕಾರಿನ ವಿದ್ಯಾರ್ಥಿಗೆ, ಅದಕ್ಕೆ 20 ವರ್ಷ ಮೊದಲೇ ತನ್ನ ಮನೆಯ ಹತ್ತಿರದ ದಾರಿಯಲ್ಲಿ ನಡೆದುಹೋದ ಸೈನ್ಯದ ವಿಷಯವನ್ನು ತಿಳಿಸಲು ಅದೇ ದಾರಿಯಲ್ಲಿ ಬೆಳಗ್ಗೆ ಎರಡು ಗಂಟೆ ನಡೆಸಿದರೆ ಸಾಕು.

ಆದರೆ ಪರಂಪರೆಯೆಂದರೆ ಅರಸರು, ದಂಗೆಗಳು ಮಾತ್ರವೆಂದು ತಿಳಿಯುವುದು ತಪ್ಪು. ಹಳೆಯ ಮನೆಯ ಮಾಡಿನ ಹಂಚು ಕೂಡ ಓದಬಹುದಾದ ದಾಖಲೆಯೇ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹೊಳೆದಡದ ಜೇಡಿಮಣ್ಣು ಹಂಚಾಗಿ, ಮುಳಿಹುಲ್ಲಿನ ಮಾಡುಗಳ ಜಾಗವನ್ನು ಕ್ರಮೇಣ ಆಕ್ರಮಿಸಿತು. ದುರಸ್ತಿಗೆಂದು ಇಳಿಸಿಟ್ಟ ಹಂಚನ್ನು ಮಗುಚಿ, ತೆಂಗಿನ ನಾರಿನಿಂದ ಪಾಚಿ ಉಜ್ಜಿದರೆ ಉಬ್ಬು ಅಕ್ಷರಗಳಲ್ಲಿ ಕಾರ್ಖಾನೆಯ ಹೆಸರೂ ಕೆಲವೊಮ್ಮೆ ಒಂದು ಇಸವಿಯೂ ಕಾಣುತ್ತವೆ. ಆ ಇಸವಿ 1865 ಎಂದಿದ್ದರೆ ಮನೆಯೂ ಅಷ್ಟು ಹಳೆಯದೆಂದು ಹೆಮ್ಮೆಪಡುವವರಿದ್ದಾರೆ. ವಾಸ್ತವದಲ್ಲಿ ಅದು ಕಾರ್ಖಾನೆ ಸ್ಥಾಪನೆಯಾದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ. ಆಧಾರವನ್ನು ಕಂಡೊಡನೆ ನಂಬದೆ ಪರೀಕ್ಷಿಸಬೇಕೆಂಬ ಇತಿಹಾಸಶಾಸ್ತ್ರದ ಮೊದಲ ಪಾಠವನ್ನು ಹನ್ನೆರಡು ವರ್ಷದ ಮಗುವಿಗೆ ಕಲಿಸಲು ಇದಕ್ಕಿಂತ ಅಗ್ಗದ ಉಪಕರಣ ಸಿಗಲಾರದು. ಕಾಗದವನ್ನು ಹಂಚಿನ ಮೇಲಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಯಾವ ಮನೆಯದು, ಯಾರು ಕೊಟ್ಟರು ಎಂದು ಬರೆದಿಡುವ ಕೆಲಸ ಮಕ್ಕಳದಾಗಲಿ.

ನೆರೆಯ ವಿಷಯವಂತೂ ಇನ್ನೂ ತುರ್ತಿನದು. ತುಳುವಿನಲ್ಲಿ ಮಾರಿಬೊಳ್ಳ ಎಂದು ಕರೆಯುವ 1923ರ ಮಹಾನೆರೆಯನ್ನು ಕಂಡು ನೆನಪಿಟ್ಟವರು ಇಂದು ಸಿಗಲಾರರು. 1974ರ ನೆರೆಯನ್ನು ಹತ್ತು ವರ್ಷದ ಪ್ರಾಯದಲ್ಲಿ ಕಂಡವರಿಗೆ ಈಗಾಗಲೇ ಅರುವತ್ತು ದಾಟಿದೆ. ನೀರು ಯಾವ ಮೆಟ್ಟಿಲಿನವರೆಗೆ ಬಂದಿತ್ತು, ಅಕ್ಕಿ, ಅಡಿಕೆ ಎಲ್ಲಿಗೆ ಸಾಗಿಸಿದರು, ಯಾರ ದೋಣಿ ಎಷ್ಟು ಮನೆಗಳವರನ್ನು ದಾಟಿಸಿತು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಅವರು ತೋರಿಸಿದ ಮಟ್ಟವನ್ನು ಟೇಪು ಹಿಡಿದು ಅಳೆದು, ಮನೆಯವರ ಒಪ್ಪಿಗೆ ಪಡೆದು ಗೋಡೆಯ ಮೇಲೆ ಬಣ್ಣದ ಗೆರೆ ಎಳೆಯುವುದು ಒಂದು ಬೇಸಿಗೆಯ ಕೆಲಸ. ಮಳೆಗಾಲದಲ್ಲಿ ನೇತ್ರಾವತಿ ಉಕ್ಕುವಾಗ ಆ ಗೆರೆ ಅಲಂಕಾರವಾಗಿ ಉಳಿಯದೆ ಎಚ್ಚರಿಕೆಯೂ ಆದೀತು.

ಕೈಕಸುಬಿನ ಪಾಲನ್ನೂ ಮರೆಯಬಾರದು. ಅಕ್ಕಿಯ ಮುಡಿ, ಎಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಉಂಡೆ, ಹಿಂದೆ ಗೇಣಿ ಸಲ್ಲಿಸುವ ಅಳತೆಯೂ ಧಾನ್ಯ ಕಾಪಾಡುವ ಉಪಾಯವೂ ಆಗಿತ್ತು. 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ ಎಂಬ ಲೆಕ್ಕ ರೂಢಿಯಲ್ಲಿತ್ತು. ಹುಲ್ಲನ್ನು ಹರಡಿ, ಅಕ್ಕಿ ಸುರಿದು, ತುದಿಗಳನ್ನು ಒಟ್ಟುಗೂಡಿಸಿ, ಹುಲ್ಲಿನ ಹಗ್ಗವನ್ನು ಸುತ್ತುತ್ತ ಮರದ ಕೊಡತಿಯಿಂದ ಬಡಿಯುತ್ತ ಬಂದರೆ ಕಲ್ಲಿನಷ್ಟು ಗಟ್ಟಿಯಾದ ಗುಂಡು ಸಿದ್ಧವಾಗುತ್ತದೆ, ಕಟ್ಟು ಸರಿಯಿದ್ದರೆ ಒಂದು ಕಾಳೂ ಉದುರುವುದಿಲ್ಲ. ಭತ್ತದ ಗದ್ದೆಗಳು ಅಡಿಕೆ ತೋಟಗಳಾಗಿರುವ ಈ ಕಾಲದಲ್ಲಿ ಮುಡಿ ಕಟ್ಟಬಲ್ಲವರು ಬೆರಳೆಣಿಕೆಯಷ್ಟೇ ಉಳಿದಿದ್ದಾರೆ. ಅವರನ್ನು ಶಿಬಿರಕ್ಕೆ ಕರೆದು, ಶಾಲು ಹೊದಿಸಿ ಕಳುಹಿಸುವ ಬದಲು ಗೌರವಧನ ಕೊಟ್ಟು ಗುರುವಾಗಿ ಕೂರಿಸಬೇಕು. ಪ್ರೊ. ತುಕಾರಾಮ ಪೂಜಾರಿಯವರು ಬಿ.ಸಿ. ರೋಡಿನಲ್ಲಿ ಕಟ್ಟಿ ಬೆಳೆಸಿದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ತುಳುವರ ಬದುಕಿನ ವಸ್ತುಗಳ ಸಂಗ್ರಹವೇ ಇದ್ದು, ಮಕ್ಕಳು ಕಟ್ಟಿದ್ದನ್ನು ಹಿರಿಯರು ಬಳಸಿದ್ದರೊಡನೆ ಹೋಲಿಸಿ ನೋಡಲು ದೂರ ಹೋಗಬೇಕಾಗಿಲ್ಲ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ 1604ರಲ್ಲಿ ಪ್ರತಿಷ್ಠೆಗೊಂಡ ವೇಣೂರಿನ ಬಾಹುಬಲಿಗೂ ಒಂದೇ ದಿನದಲ್ಲಿ ಬಸ್ಸು ಓಡಿಸಿ, ಫೋಟೊ ತೆಗೆಸಿ ತರುವ ಪ್ರವಾಸಗಳಿಂದ ಹೆಚ್ಚೇನೂ ಸಿಗದು. ಬಸದಿಯ ಒಂದೇ ಕಂಬದ ಎದುರು ಒಂದು ಗಂಟೆ ಕೂರಿಸಿ ಅದರ ಕೆತ್ತನೆಯನ್ನು ಬಿಡಿಸಲು ಹೇಳುವುದು ಮೇಲು.

ಉತ್ಸವಗಳಿಗೆ ಈ ಜಿಲ್ಲೆಯಲ್ಲಿ ಕೊರತೆಯಿಲ್ಲ, ಮತ್ತೊಂದು ಏಕೆ ಎಂಬ ಆಕ್ಷೇಪ ಬರಬಹುದು. ವೇದಿಕೆಯ ದೊಡ್ಡ ಉತ್ಸವಗಳಿಗೆ ಅವುಗಳದೇ ಬೆಲೆಯಿದೆ, ಆದರೆ ಅಲ್ಲಿ ಸಾವಿರಾರು ಜನ ನೋಡುತ್ತಾರೆ, ಕೆಲವರು ಮಾತ್ರ ಮಾಡುತ್ತಾರೆ. ಇಲ್ಲಿ ಕೇಳುತ್ತಿರುವುದು ವೇದಿಕೆ, ಧ್ವನಿವರ್ಧಕ, ಉದ್ಘಾಟನಾ ಭಾಷಣಗಳಿಲ್ಲದ ಕೆಲಸವನ್ನು. ಪರಂಪರೆಯ ಹೆಸರು ಒಂದೇ ಮತದವರ ಸೊತ್ತಾದೀತೆಂಬ ಅಂಜಿಕೆಯೂ ಕೆಲವರಲ್ಲಿದೆ. ಸೇತುವೆ, ಹಂಚು, ನೆರೆಯ ಗುರುತು, ಮುಡಿ ಎಲ್ಲರವೂ ಆಗಿರುವುದರಿಂದಲೇ ಮೊದಲು ಅವುಗಳನ್ನು ಆಯ್ದುಕೊಂಡು, ಆರಾಧನೆಯ ಸಂಗತಿಗಳನ್ನು ಆಯಾ ಸ್ಥಳದ ಹಿರಿಯರ ಮಾತಿನಂತೆ ನಡೆಸುವುದು ಸರಿಯಾದ ಕ್ರಮ. ಸೆಕೆಯ ಪ್ರಶ್ನೆಗೆ ಉತ್ತರ ಸುಲಭ: ಬೆಳಗ್ಗೆ ಏಳರಿಂದ ಹತ್ತರವರೆಗೆ ಬೀದಿಯ ಕೆಲಸ, ಉಳಿದದ್ದು ಗ್ರಂಥಾಲಯದ ನೆರಳಿನಲ್ಲಿ.

ದಿನಗಳೂ ಒದಗಿ ಬಂದಿವೆ: ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ಅಂತಾರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಮೊದಲ ದಿನ ಕೆಲಸ ಆರಂಭಿಸಿ ಎರಡನೆಯ ದಿನ ಮಕ್ಕಳ ಸಂಗ್ರಹವನ್ನು ಪ್ರದರ್ಶಿಸಿದರೆ ಪತ್ತನಾಜೆಗೆ ಇನ್ನೂ ಒಂದು ವಾರ ಉಳಿಯುತ್ತದೆ. ಬಂಟ್ವಾಳ ಪುರಸಭೆಯೂ ಸುತ್ತಲಿನ ಗ್ರಾಮ ಪಂಚಾಯತುಗಳೂ ಇದಕ್ಕೆಂದು ಸಣ್ಣ ಮೊತ್ತವನ್ನು ಬಜೆಟ್ಟಿನಲ್ಲಿ ತೆಗೆದಿರಿಸಬೇಕು, ಶಾಲಾಭಿವೃದ್ಧಿ ಸಮಿತಿಗಳು ಮಾರ್ಚ್ ಪರೀಕ್ಷೆಗಳಿಗೆ ಮೊದಲೇ ಮಕ್ಕಳ ಹೆಸರು ಬರೆದುಕೊಳ್ಳಬೇಕು, ದೇವಸ್ಥಾನ, ಮಸೀದಿ, ಚರ್ಚುಗಳ ಆಡಳಿತ ಸಮಿತಿಗಳು ತಮ್ಮಲ್ಲಿರುವ ಹಳೆಯ ಫೋಟೊ, ಕಡತಗಳನ್ನು ನೋಡಗೊಡಬೇಕು. ಈ ಕರಪತ್ರ ಕೈಗೆ ಬಂದ ಹಿರಿಯರಲ್ಲಿ 1974ರ ನೆರೆಯನ್ನು ಕಂಡವರಿದ್ದರೆ, ಅವರು ತಮ್ಮ ಹತ್ತಿರದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ವಾರವೇ ತಿಳಿಸಬೇಕೆಂದು ವಿನಂತಿ.